ಬಾಡಿಗೆಗೆ ಕೊಡಲು ಮನೆ: ಈಗಲೇ ಕೊಳ್ಳಬೇಕೇ, ಕಾಯಬೇಕೇ?

ಪ್ರಶ್ನೆ: ಬಾಡಿಗೆಗೆ ಕೊಡಲು ಒಂದು ಮನೆ ಕೊಳ್ಳಬೇಕೆಂದು ಕೆಲವು ವರ್ಷಗಳಿಂದ ಹಣ ಕೂಡಿಡುತ್ತಿದ್ದೇನೆ. ನನ್ನ ಉಳಿತಾಯಕ್ಕಿಂತ ಮನೆಗಳ ಬೆಲೆಯೇ ವೇಗವಾಗಿ ಏರುತ್ತಿದೆ. ಈಗ ಬಿಟ್ಟರೆ ಮುಂದೆ ಕೈಗೆಟುಕುವುದಿಲ್ಲ ಎಂದು ಕೆಲವರು, ಬೆಲೆ ಇಳಿಯುವವರೆಗೆ ತಾಳಿ ಎಂದು ಇನ್ನು ಕೆಲವರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರೂ ಹೇಳುತ್ತಿರುವುದು ಮುಂದಿನ ಬೆಲೆಯ ಬಗೆಗಿನ ಊಹೆ. ನೀವು ಕೊಳ್ಳಲು ಹೊರಟಿರುವುದು ಬಾಡಿಗೆ ತರುವ ಮನೆಯಾದ್ದರಿಂದ ಮೊದಲು ನೋಡಬೇಕಾದದ್ದು ಬಾಡಿಗೆಯನ್ನು.

ಮನೆಯ ಬೆಲೆ 100 ಎಂದಿಟ್ಟುಕೊಳ್ಳಿ. ವರ್ಷದ ಬಾಡಿಗೆ 4. ಬಾಡಿಗೆದಾರರು ಬದಲಾಗುವಾಗ ಒಂದು ತಿಂಗಳು ಮನೆ ಖಾಲಿ ಉಳಿದರೆ, ತೆರಿಗೆ, ವಿಮೆ, ಸುಣ್ಣಬಣ್ಣ, ನಲ್ಲಿ–ವೈರಿಂಗ್ ರಿಪೇರಿಗಳಿಗೆ 0.8 ಹೋದರೆ, ಕೈಗೆ ಬರುವುದು ಸುಮಾರು 2.9. ನೀವು 20 ಹಾಕಿ, ಉಳಿದ 80ಕ್ಕೆ ಶೇ. 8ರ ದರದಲ್ಲಿ ಸಾಲ ತೆಗೆದರೆ ಮೊದಲ ವರ್ಷದ ಬಡ್ಡಿಯೇ 6.4ರ ಆಸುಪಾಸು. ಅಂದರೆ ಅಸಲಿನ ಕಂತನ್ನು ಲೆಕ್ಕಕ್ಕೆ ಹಿಡಿಯದೆಯೇ ವರ್ಷಕ್ಕೆ 3.5ನ್ನು ನಿಮ್ಮ ಸಂಬಳದಿಂದ ತುಂಬಬೇಕು. ಬಾಡಿಗೆಯೇ ಬಡ್ಡಿಯನ್ನು ತೀರಿಸಬೇಕಾದರೆ ಸಾಲ 36ನ್ನು ಮೀರುವಂತಿಲ್ಲ. ನಿಮ್ಮಲ್ಲಿರುವ ಬೆಲೆ, ಬಾಡಿಗೆ, ಬಡ್ಡಿಗಳನ್ನು ಇಟ್ಟು ಈ ಲೆಕ್ಕವನ್ನು ದಯವಿಟ್ಟು ಕಾಗದದ ಮೇಲೆ ಮಾಡಿ ನೋಡಿ.

ಬೆಲೆ ಏರುತ್ತಿರುವಾಗ ಈ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಬಾಡಿಗೆ ಬರುವುದು ಬಾಡಿಗೆದಾರರ ದುಡಿಮೆಯಿಂದ. ಅದು ಅವರ ಸಂಬಳವನ್ನು ಮೀರಿ ಬಹುಕಾಲ ಓಡಲಾರದು. ಬೆಲೆಯಾದರೋ ಸುಲಭವಾಗಿ ಸಿಗುವ ಸಾಲದಿಂದಲೂ ನಾಳೆ ಇನ್ನೂ ಏರುತ್ತದೆಂಬ ನಿರೀಕ್ಷೆಯಿಂದಲೂ ಜಿಗಿಯುತ್ತದೆ. 100ರ ಮನೆ 110 ಆಗಿ, ಬಾಡಿಗೆ 4.1ಕ್ಕೆ ಮಾತ್ರ ಏರಿದರೆ ಆದಾಯದ ಪ್ರಮಾಣ ಶೇ. 3.7ಕ್ಕೆ ಇಳಿಯಿತು. ಆಗ ಕೊಳ್ಳುವವರು ನಿಜಕ್ಕೂ ನೆಚ್ಚಿಕೊಂಡಿರುವುದು ಬೆಲೆಯ ಏರಿಕೆಯನ್ನು. 20 ಹಾಕಿದವರಿಗೆ ಬೆಲೆ ಶೇ. 10ರಷ್ಟು ಕುಸಿದರೆ ಹಾಕಿದ ಹಣದಲ್ಲಿ ಅರ್ಧ ಹೋದಂತೆ. ಐರ್ಲೆಂಡಿನಲ್ಲಿ 2007ರಲ್ಲಿ ತುದಿ ಮುಟ್ಟಿದ ಮನೆ ಬೆಲೆಗಳು 2013ರ ಹೊತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿದ್ದವು. ಎಲ್ಲೆಡೆ ಹಾಗಾಗುತ್ತದೆಂದು ಹೇಳುತ್ತಿಲ್ಲ. ಆದರೆ ಅಂಥ ಹೊತ್ತಿನಲ್ಲಿ ಮಾರಲೇಬೇಕಾದ ಸ್ಥಿತಿ ನಿಮಗೆ ಬರಬಾರದು.

ಕಾಯುವುದಕ್ಕೂ ಬೆಲೆಯಿದೆ. ಮನೆ ವರ್ಷಕ್ಕೆ ಶೇ. 8ರಂತೆ ಏರಿದರೆ ಈಗ ಬೇಕಾದ 20ರ ಬದಲು ಮುಂದಿನ ವರ್ಷ 21.6 ಬೇಕು, ಸಾಲವೂ 80ರಿಂದ 86.4ಕ್ಕೆ ಏರುತ್ತದೆ. ವರ್ಷದಲ್ಲಿ ನಿಮ್ಮ ಉಳಿತಾಯ, ಅದರ ಬಡ್ಡಿಯೂ ಸೇರಿ, 8ಕ್ಕಿಂತ ಹೆಚ್ಚಾದರೆ ಕಾಯುವುದರಿಂದ ಸಾಲ ಕಡಿಮೆಯಾಗುತ್ತದೆ. ಇಲ್ಲವಾದರೆ ಅದೇ ಮನೆಗಾಗಿ ಕಾದು ಕುಳಿತರೆ ಸಾಲ ಬೆಳೆಯುತ್ತದೆ. ಅಂಥ ಸ್ಥಿತಿಯಲ್ಲಿ ಚಿಕ್ಕ ಮನೆಯನ್ನೋ, ಬೆಲೆಗೆ ಹೋಲಿಸಿದರೆ ಬಾಡಿಗೆ ಹೆಚ್ಚು ಬರುವ ಬಡಾವಣೆಯನ್ನೋ ನೋಡುವುದು ನನಗೆ ಸರಿಯೆನಿಸುತ್ತದೆ.

ಬಾಡಿಗೆಯ ಅಂಕಿಯನ್ನು ಮಾರುವವರ ಬಾಯಿಂದ ಪಡೆಯಬೇಡಿ, ಜಾಹೀರಾತಿನಿಂದಲೂ ಬೇಡ. ಅದೇ ಕಟ್ಟಡದಲ್ಲಿ ವಾಸವಿರುವವರು ಎಷ್ಟು ಕೊಡುತ್ತಿದ್ದಾರೆ, ಹಿಂದಿನವರು ಬಿಟ್ಟ ಮೇಲೆ ಮನೆ ಎಷ್ಟು ದಿನ ಖಾಲಿ ಇತ್ತು ಎಂದು ಅವರನ್ನೇ ವಿಚಾರಿಸಿ. ‘ಬಾಡಿಗೆಗಿದೆ’ ಎಂಬ ಫಲಕದ ಅಕ್ಷರ ಬಿಸಿಲಿಗೆ ಮಾಸುವಷ್ಟು ಕಾಲ ಒಂದೇ ಗೇಟಿನಲ್ಲಿ ತೂಗುತ್ತಿದ್ದರೆ ಅಲ್ಲಿ ಕೇಳುತ್ತಿರುವ ಬಾಡಿಗೆ ಹುಟ್ಟುತ್ತಿಲ್ಲವೆಂದೇ ತಿಳಿಯಿರಿ.

ಬಡ್ಡಿ ಇನ್ನೂ ಶೇ. 2ರಷ್ಟು ಏರಿದರೂ, ಮನೆ 3 ತಿಂಗಳು ಖಾಲಿ ಬಿದ್ದರೂ, ಮನೆಯವರ ಆಪತ್ತಿಗೆಂದು ಇಟ್ಟ ಹಣವನ್ನು ಮುಟ್ಟದೆ ಕಂತು ಕಟ್ಟಬಲ್ಲಿರಾದರೆ, ಹತ್ತು ವರ್ಷ ಮಾರದೆ ಇಟ್ಟುಕೊಳ್ಳುವ ಮನಸ್ಸಿದ್ದರೆ, ಬೆಲೆ ಏರುತ್ತಿರುವಾಗಲೂ ಕೊಳ್ಳಬಹುದು. ನೋಂದಣಿ, ಮುದ್ರಾಂಕ ಶುಲ್ಕ, ದಲ್ಲಾಳಿ ಕಮಿಷನ್‌ಗಳ ವೆಚ್ಚವನ್ನೂ ಸೇರಿಸಿಕೊಂಡು ಈ ಪರೀಕ್ಷೆ ಮಾಡಿ. ಇದರಲ್ಲಿ ಗೆಲ್ಲದ ಮನೆಯನ್ನು, ಯಾರು ಎಷ್ಟೇ ಅವಸರಪಡಿಸಿದರೂ, ಈ ವರ್ಷ ಬಿಟ್ಟುಬಿಡಿ.