ಶೂ ಡಬ್ಬಿಯ ಪೊಟ್ಟಣ ಟ್ರಂಕನ್ನು ಕಾಯುತ್ತದೆಯೇ?

ಮಳೆ ಹಿಡಿಯಿತೆಂದರೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಅರ್ಧ ತೇವದ್ದೇ ಇರುತ್ತವೆ. ಬೂಷ್ಟು, ತುಕ್ಕು, ಕಲೆ, ವಾಸನೆ. ಈ ಸಲ ಸಿಲಿಕಾ ಜೆಲ್ (ಪೊಟ್ಟಣದಲ್ಲಿ ಬರುವ, ತೇವ ಹೀರುವ ಕಾಳು) ಬಗ್ಗೆ ಬಂದವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಉತ್ತರ ಉದ್ದವಾಗಿದೆ. ಅದನ್ನು ಓದಿದರೆ ಉಳಿದವು ಸುಲಭ.

ಪ್ರಶ್ನೆ: ಸರ್, ನಮ್ಮದು ಹಳೆಯ ಮನೆ. ನೆಲಕ್ಕೆ ಶಹಾಬಾದ್ ಫರಸಿ. ಇಳಕಲ್ ಸೀರೆ, ಹತ್ತಿ ಸೀರೆ, ಕೌದಿ ಎಲ್ಲ ತಗಡಿನ ಟ್ರಂಕಿನಲ್ಲಿವೆ. ಶೂ ಡಬ್ಬಿಯಲ್ಲಿ, ಬ್ಯಾಗಿನಲ್ಲಿ ಬಂದ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಸಿ ಒಳಗೆ ಇಟ್ಟಿದ್ದೇನೆ. ಆದರೂ ಶ್ರಾವಣದಲ್ಲಿ ಟ್ರಂಕು ತೆಗೆದರೆ ಮುಗ್ಗಲು ವಾಸನೆ. ಆ ಪೊಟ್ಟಣ ಸುಮ್ನೆ ಹೆಸರಿಗಾ?
– ಗೃಹಿಣಿ, ಕಲಬುರಗಿ

ಉತ್ತರ: ಹೆಸರಿಗಲ್ಲ ಅಕ್ಕಾ, ಕೆಲಸ ಮಾಡುತ್ತದೆ. ಆದರೆ ನೀವು ಕೊಟ್ಟ ಕೆಲಸ ಅದರ ಕೈ ಮೀರಿದ್ದು.

ಸ್ವಲ್ಪ ಲೆಕ್ಕ ಹಾಕೋಣ. ಹತ್ತಿ ಬಟ್ಟೆ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಯಾವಾಗಲೂ ಒಂದಿಷ್ಟು ನೀರು ಇರುತ್ತದೆ. ಎಷ್ಟು ಅನ್ನುವುದನ್ನು ಸುತ್ತಲಿನ ಗಾಳಿ ತೀರ್ಮಾನಿಸುತ್ತದೆ. ಗಾಳಿಯ ತೇವಾಂಶ ಶೇ 80 ದಾಟಿದ ದಿನಗಳಲ್ಲಿ ಬಟ್ಟೆಯ ತೂಕದಲ್ಲಿ ಸುಮಾರು ಶೇ 10 ನೀರೇ. ಟ್ರಂಕಿನೊಳಗೆ ತೇವಾಂಶ ಶೇ 50ರ ಹತ್ತಿರ ನಿಂತರೆ ಬೂಷ್ಟು ಬೆಳೆಯುವುದಿಲ್ಲ. ಅಷ್ಟಕ್ಕೆ ಇಳಿಯಬೇಕಾದರೆ ಬಟ್ಟೆಯ ನೀರು ಶೇ 6ರ ಆಸುಪಾಸಿಗೆ ಬರಬೇಕು. ಟ್ರಂಕಿನಲ್ಲಿ 10 ಕೆಜಿ ಬಟ್ಟೆ ಇದೆ ಅಂದುಕೊಳ್ಳಿ. ಹೊರಗೆ ಬರಬೇಕಾದ ನೀರು 400 ಗ್ರಾಂ. ಶೇ 50ರ ಗಾಳಿಯಲ್ಲಿ ಸಿಲಿಕಾ ಜೆಲ್ ತನ್ನ ತೂಕದ ಕಾಲು ಭಾಗಕ್ಕಿಂತ ಜಾಸ್ತಿ ನೀರು ಹಿಡಿಯುವುದಿಲ್ಲ. ಅಂದರೆ ಹತ್ತಿರ ಹತ್ತಿರ 2 ಕೆಜಿ ಜೆಲ್ ಬೇಕು. ಶೂ ಡಬ್ಬಿಯ ಪೊಟ್ಟಣದಲ್ಲಿ ಇರುವುದು 1ರಿಂದ 5 ಗ್ರಾಂ! ಅದೂ ತಿಂಗಳುಗಟ್ಟಲೆ ಕಪಾಟಿನಲ್ಲಿ ಬಿದ್ದಿದ್ದು, ನಿಮ್ಮ ಕೈಗೆ ಬರುವ ಹೊತ್ತಿಗೇ ನೀರು ಕುಡಿದು ಮುಗಿಸಿರುತ್ತದೆ.

ಹಾಗಾದರೆ 2 ಕೆಜಿ ಕೊಂಡು ತರಬೇಕಾ? ಬೇಡ. ನಮ್ಮ ಭಾಗದಲ್ಲಿ ಅದಕ್ಕೆ ದುಡ್ಡು ಹಾಕುವುದು ದಂಡ. ಮೇ ತಿಂಗಳ ಮಧ್ಯಾಹ್ನ ಇಲ್ಲಿ 42 ಡಿಗ್ರಿ ಬಿಸಿಲು, ಗಾಳಿಯ ತೇವಾಂಶ ಶೇ 20ರ ಹತ್ತಿರ. ಆ ಗಾಳಿಯಲ್ಲಿ ಒಂದು ದಿನ ಹರವಿಟ್ಟ ಹತ್ತಿ ಬಟ್ಟೆಯಲ್ಲಿ ಶೇ 4ರಷ್ಟೂ ನೀರು ಉಳಿಯುವುದಿಲ್ಲ. ಕರಾವಳಿಯವರಿಗೆ ಈ ಭಾಗ್ಯ ಇಲ್ಲ. ಒಣಗಿಸುವ ಕೆಲಸ ಬಿಸಿಲಿನದು, ಒಣಗಿದ್ದನ್ನು ಕಾಯುವ ಕೆಲಸ ಮಾತ್ರ ಸಿಲಿಕಾ ಜೆಲ್‌ನದು. ಇದನ್ನು ಅದಲು ಬದಲು ಮಾಡಿದ್ದಕ್ಕೇ ನಿಮ್ಮ ಟ್ರಂಕು ನಾರುತ್ತಿದೆ.

ಹತ್ತಿ, ಕೌದಿ ಬಿಸಿಲಲ್ಲೇ ಹಾಕಿ. ರೇಷ್ಮೆ, ಜರಿ ಸೀರೆ ನೆರಳಲ್ಲಿ, ಗಾಳಿ ಆಡುವ ಕಡೆ. ಮುಂಗಾರು ಬರುವ ಮುಂಚೆಯೇ ಕಟ್ಟಿಡಿ. ತಗಡಿನ ಟ್ರಂಕಿನ ಮುಚ್ಚಳದ ಸುತ್ತ ಗಾಳಿ ನುಗ್ಗುತ್ತದೆ. ಅದಕ್ಕೇ ಒಳಗೆ ದಪ್ಪ ಪಾಲಿಥಿನ್ ಚೀಲ ಹಾಸಿ, ಬಟ್ಟೆ ತುಂಬಿ, ಬಾಯಿ ಮಡಚಿ ಬಿಗಿಯಾಗಿ ಕಟ್ಟಬೇಕು. ಚೆನ್ನಾಗಿ ಒಣಗಿದ ಬಟ್ಟೆಗೆ ಮಾತ್ರ ಈ ಉಪಾಯ. ಹಸಿ ಬಟ್ಟೆಗೆ ಪಾಲಿಥಿನ್ ಸುತ್ತಿದರೆ ಬೂಷ್ಟು ಸಾಕಿದ ಹಾಗೆ. ಇಷ್ಟಾದ ಮೇಲೆ 200–250 ಗ್ರಾಂ ಹೊಸ ಸಿಲಿಕಾ ಜೆಲ್ ಅನ್ನು ಹತ್ತಿ ಬಟ್ಟೆಯ ಚೀಲಗಳಲ್ಲಿ ಹಾಕಿ ಒಳಗಿಟ್ಟರೆ, ನುಸುಳಿ ಬರುವ ಅಷ್ಟಿಷ್ಟು ತೇವವನ್ನು ಅದು ನೋಡಿಕೊಳ್ಳುತ್ತದೆ.

ಫರಸಿಯ ವಿಷಯ ಹೇಳುವುದು ಮರೆತಿದ್ದೆ. ಕಲ್ಲಿನ ನೆಲ ಗಾಳಿಗಿಂತ ತಂಪಾಗಿರುತ್ತದೆ. ಮಳೆಗಾಲದ ಗಾಳಿ ತಾಗಿದರೆ ಬೆವರುತ್ತದೆ, ಬರಿಗಾಲಿಗೆ ಗೊತ್ತಾಗುತ್ತದೆ ಅಲ್ವಾ? ನೆಲದ ಮೇಲೆ ನೇರವಾಗಿ ಕೂತ ಟ್ರಂಕಿನ ತಳವೂ ಹಾಗೇ ತಂಪಾಗುತ್ತದೆ, ಒಳಗಿನ ತೇವ ಅಲ್ಲೇ ಬಂದು ಸೇರುತ್ತದೆ. ನಾಲ್ಕು ಇಟ್ಟಿಗೆ ಇಟ್ಟು ಟ್ರಂಕನ್ನು ಎತ್ತರಿಸಿ. ಗೋಡೆಯಿಂದ ಒಂದು ಗೇಣು ದೂರ ಇರಲಿ. ಇದಕ್ಕೆ ಖರ್ಚೇ ಇಲ್ಲ.

ಈಗಲೇ ಏನು ಮಾಡಲಿ ಅಂತೀರಾ? ವಾಸನೆ ಬಂದಿದೆ ಅಂದರೆ ಬೂಷ್ಟು ಆಗಲೇ ಹುಟ್ಟಿದೆ. ಬಟ್ಟೆಯನ್ನು ಹೊರಗೆ ತಂದು ಕೊಡವಿ, ತೊಳೆಯಬಹುದಾದ್ದನ್ನು ತೊಳೆಯಿರಿ. ಮಳೆ ಬಿಡುವು ಕೊಟ್ಟ ದಿನ ಒಣಗಿಸಿ, ಬಿಸಿ ಇಸ್ತ್ರಿ ಮಾಡಿ. ಇಸ್ತ್ರಿ ಸುಕ್ಕು ತೆಗೆಯುವುದಕ್ಕಷ್ಟೇ ಅಲ್ಲ, ನೂಲಿನೊಳಗಿನ ನೀರನ್ನೂ ಓಡಿಸುತ್ತದೆ. ಬಿಸಿ ಆರಿದ ಕೂಡಲೇ ಚೀಲಕ್ಕೆ ಹಾಕಿ. ರಾತ್ರಿಯಿಡೀ ಹೊರಗೆ ಬಿಟ್ಟರೆ ಮತ್ತೆ ನೀರು ಕುಡಿದು ಕೂರುತ್ತದೆ.

ಪ್ರಶ್ನೆ: ಅಜ್ಜನ ಕಾಲದ ಬಿದರಿ ಹೂದಾನಿ, ಅಡಿಕೆ ಡಬ್ಬಿ ಇವೆ. ಬೆಳ್ಳಿ ಕಪ್ಪಾಗುತ್ತಿದೆ. ಕಪ್ಪು ಭಾಗದಲ್ಲಿ ಅಲ್ಲಲ್ಲಿ ಬಿಳಿ ಪುಡಿ. ಶೋಕೇಸಿನಲ್ಲಿ ಸಿಲಿಕಾ ಜೆಲ್ ಇಟ್ಟರೆ ನಿಲ್ಲುತ್ತದೆಯೇ?
– ಓದುಗರು, ಬೀದರ್

ಉತ್ತರ: ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ರೋಗ.

ಬಿದರಿಯ ಮೈ ಸತುವಿನದು, ಸ್ವಲ್ಪ ತಾಮ್ರ ಸೇರಿರುತ್ತದೆ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಉಜ್ಜಿದಾಗ ಆ ಮೈ ಮಾತ್ರ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಲೆಯ ಸೊಗಸೆಲ್ಲ ಅಲ್ಲೇ ಇದೆ. ಬಿಳಿ ಪುಡಿ ಸತುವಿನ ತುಕ್ಕು. ಅದಕ್ಕೆ ತೇವವೇ ಕಾರಣ, ಹಾಗಾಗಿ ಸಿಲಿಕಾ ಜೆಲ್ ಅದನ್ನು ತಡೆಯಬಲ್ಲದು. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅಂಶದಿಂದ. ತೇವ ಇದ್ದರೆ ಅದು ಬೇಗ ಆಗುತ್ತದೆ, ಒಣಗಿದ್ದರೆ ನಿಧಾನ. ಆದರೆ ಸಿಲಿಕಾ ಜೆಲ್ ಒಂದರಿಂದಲೇ ಪೂರ್ತಿ ನಿಲ್ಲುವುದಿಲ್ಲ.

ಶೋಕೇಸಿನ ಗಾಜು ಸರಿಯುವ ಕಡೆ ಸಂದು ಇದ್ದೇ ಇರುತ್ತದೆ. ಅಲ್ಲಿ ಜೆಲ್ ಇಟ್ಟರೆ ಅದು ಊರ ಗಾಳಿಯನ್ನೆಲ್ಲ ಒಣಗಿಸಲು ಹೊರಡುತ್ತದೆ, ನಾಲ್ಕು ದಿನದಲ್ಲಿ ಸೋಲುತ್ತದೆ. ಹೊರಗೆ ಇಡುವ ಸಾಮಾನಿಗೆ ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿ, ಅಪರೂಪಕ್ಕೊಮ್ಮೆ ಕೊಬ್ಬರಿ ಎಣ್ಣೆಯ ತೆಳು ಕೈ ಆಡಿಸಿದರೆ ಸಾಕು. ಒಳಗೆ ಎತ್ತಿಡುವುದಾದರೆ ತೊಳೆದ, ಗಂಜಿ ಹಾಕದ ಹತ್ತಿ ಬಟ್ಟೆ ಸುತ್ತಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ 50–100 ಗ್ರಾಂ ಜೆಲ್ ಜೊತೆ ಇಡಿ. ಜೆಲ್ ಚೀಲ ಸಾಮಾನಿಗೆ ತಾಗದಿರಲಿ.

ಉಣ್ಣೆ ಬಟ್ಟೆ ಸುತ್ತಬೇಡಿ. ರಬ್ಬರ್ ಬ್ಯಾಂಡ್ ಹಾಕಲೇಬೇಡಿ. ಎರಡರಲ್ಲೂ ಗಂಧಕ ಇದೆ, ಬ್ಯಾಂಡಿನ ಗೆರೆ ಬೆಳ್ಳಿಯ ಮೇಲೆ ಹಾಗೇ ಮೂಡುತ್ತದೆ. ಹುಣಸೆ, ನಿಂಬೆ, ಪಾತ್ರೆ ತಿಕ್ಕುವ ಪುಡಿ ಇವುಗಳಿಂದ ತಿಕ್ಕಿದರೆ ಬೆಳ್ಳಿ ಹೊಳೆಯುತ್ತದೆ ನಿಜ, ಜೊತೆಗೆ ಬಿದರಿಯ ಮೈಯ ಕಪ್ಪೂ ಹೋಗುತ್ತದೆ. ಈಗಾಗಲೇ ಬಿಳಿ ಪುಡಿ ಜಾಸ್ತಿ ಇದ್ದರೆ ನೀವೇ ಕೆರೆಯಬೇಡಿ. ನಿಮ್ಮೂರಲ್ಲೇ ಬಿದರಿ ಕುಶಲಕರ್ಮಿಗಳಿದ್ದಾರೆ, ಅವರ ಕೈಗೆ ಕೊಡಿ. ಮತ್ತೆ ಕಪ್ಪು ಹಾಕಿಕೊಡುತ್ತಾರೆ.

ಇನ್ನೊಂದು ಮಾತು. ಅಲ್ಮಾರಿಯಲ್ಲಿ ತೂಗುಹಾಕುವ, ಕೆಳಗೆ ನೀರು ತುಂಬಿಕೊಳ್ಳುವ ಚೀಲಗಳು ಬರುತ್ತವಲ್ಲ, ಅದು ಸಿಲಿಕಾ ಜೆಲ್ ಅಲ್ಲ, ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣ. ನೀರು ಎಳೆಯುವುದರಲ್ಲಿ ಸಿಲಿಕಾ ಜೆಲ್‌ಗಿಂತ ಗಟ್ಟಿ. ಆದರೆ ಆ ಉಪ್ಪುನೀರು ಸೋರಿದರೆ ಲೋಹವನ್ನು ತಿನ್ನುತ್ತದೆ, ರೇಷ್ಮೆಗೆ ಕಲೆ ಮಾಡುತ್ತದೆ. ಬಿದರಿ ಇರುವ ಕಪಾಟಿನಲ್ಲಿ ಅದು ಬೇಡವೇ ಬೇಡ.

ಪ್ರಶ್ನೆ: ಬಿತ್ತನೆಗೆ ಎತ್ತಿಟ್ಟ ತೊಗರಿ ಡ್ರಮ್ಮಿನಲ್ಲಿ ಸಿಲಿಕಾ ಜೆಲ್ ಹಾಕಬಹುದೇ? ತರಕಾರಿ ಬೀಜಕ್ಕೆ ಹಾಕುತ್ತಾರಂತೆ.
– ರೈತರು, ಶಹಾಪುರ

ಉತ್ತರ: ತರಕಾರಿ ಬೀಜಕ್ಕೆ ಹೌದು, ತೊಗರಿಗೆ ಬೇಡ.

ಒಂದು ಕ್ವಿಂಟಲ್ ತೊಗರಿಯ ತೇವವನ್ನು ಶೇ 12ರಿಂದ 8ಕ್ಕೆ ಇಳಿಸಲು 4 ಕೆಜಿಗೂ ಜಾಸ್ತಿ ನೀರು ತೆಗೆಯಬೇಕು. ಅದಕ್ಕೆ ಬೇಕಾಗುವ ಜೆಲ್ ಸುಮಾರು 20 ಕೆಜಿ. ಬೀಜಕ್ಕಿಂತ ಜೆಲ್ ದುಬಾರಿಯಾದೀತು. ರಾಶಿ ಆಗುವ ಡಿಸೆಂಬರ್–ಜನವರಿಯಲ್ಲಿ ಗಾಳಿಯೇ ಒಣಗಿರುತ್ತದೆ. ತಾಡಪತ್ರಿಯ ಮೇಲೆ ತೆಳ್ಳಗೆ ಹರವಿ ಬಿಸಿಲು ಕೊಡಿ. ಹಲ್ಲಲ್ಲಿ ಕಡಿದರೆ ಕಟ್ ಎಂದು ಒಡೆಯಬೇಕು. ಆಮೇಲೆ ಬಿಗಿ ಡ್ರಮ್ಮಿಗೆ ತುಂಬಿ. ಆದರೆ ಒಣಗಿದ ಕಾಳಿಗೂ ಹುಳ ಬೀಳುತ್ತದೆ. ಅದಕ್ಕೆ ಸಿಲಿಕಾ ಜೆಲ್ ಮದ್ದಲ್ಲ. ಕೆಮ್ಮಣ್ಣು ಹಚ್ಚಿ ಒಣಗಿಸುವ ಹಿರಿಯರ ಪದ್ಧತಿ ಹುಳದ ದೃಷ್ಟಿಯಿಂದ ಈಗಲೂ ಒಳ್ಳೆಯದೇ.

ಬದನೆ, ಮೆಣಸಿನಕಾಯಿ, ಟೊಮೆಟೊ, ಈರುಳ್ಳಿ ಬೀಜದ ಮಾತು ಬೇರೆ. ಕಡಿಮೆ ತೂಕ, ಜಾಸ್ತಿ ಬೆಲೆ. ಈರುಳ್ಳಿ ಬೀಜವಂತೂ ಮಾಮೂಲಿ ಇಟ್ಟರೆ ಬೇಗ ಮೊಳಕೆಶಕ್ತಿ ಕಳೆದುಕೊಳ್ಳುತ್ತದೆ. ಬೀಜದ ತೇವ ಶೇ 1ರಷ್ಟು ಇಳಿದರೆ ಅದರ ಆಯುಷ್ಯ ಸುಮಾರು ಎರಡರಷ್ಟಾಗುತ್ತದೆ ಅನ್ನುವುದು ಬೀಜ ಸಂಗ್ರಹದವರು ನಂಬುವ ಲೆಕ್ಕ. ಶೇ 14ರಿಂದ 5ರ ನಡುವೆ ಅದು ನಡೆಯುತ್ತದೆ. ಬೀಜವನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಬೀಜದಷ್ಟೇ ತೂಕದ ಒಣ ಜೆಲ್ ಜೊತೆ ಗಾಜಿನ ಬಾಟಲಿಯಲ್ಲಿ ಒಂದು ವಾರ ಇಡಿ. ಆಮೇಲೆ ಜೆಲ್ ತೆಗೆದು, ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ತಂಪು ಜಾಗದಲ್ಲಿಡಿ. ದ್ವಿದಳ ಬೀಜಗಳಿಗೆ ಇಷ್ಟು ಒಣಗಿಸಬೇಡಿ. ಸಿಪ್ಪೆ ಗಟ್ಟಿಯಾಗಿ ಬಿತ್ತಿದಾಗ ನೀರು ಎಳೆಯಲು ಮೊಂಡು ಮಾಡುತ್ತವೆ.

ಪ್ರಶ್ನೆ: ನೀಲಿ ಕಾಳಿನ ಸಿಲಿಕಾ ಜೆಲ್ ತಂದಿದ್ದೆ, ಈಗ ಗುಲಾಬಿ ಆಗಿದೆ. ಬಿಸಾಡಬೇಕಾ? ಮನೆಯಲ್ಲಿ ಎರಡು ವರ್ಷದ ಮಗು ಇದೆ, ಅದರ ಭಯವೂ ಇದೆ.
– ತಾಯಿ, ಆಳಂದ

ಉತ್ತರ: ಭಯದ ಮಾತು ಮೊದಲು. ಬಿಳಿ ಅಥವಾ ಪಾರದರ್ಶಕ ಸಿಲಿಕಾ ಜೆಲ್ ವಿಷವಲ್ಲ. ಮರಳಿನಲ್ಲಿರುವ ಸಿಲಿಕಾವನ್ನೇ ಸಣ್ಣ ಸಣ್ಣ ರಂಧ್ರಗಳಿರುವ ಕಾಳಾಗಿ ಮಾಡಿದ್ದಾರೆ, ಅಷ್ಟೆ. ಆ ರಂಧ್ರಗಳ ಗೋಡೆಗೆ ನೀರಾವಿ ಅಂಟಿಕೊಳ್ಳುತ್ತದೆ. ಒಂದು ಗ್ರಾಂ ಕಾಳಿನ ಒಳಗೋಡೆಯನ್ನೆಲ್ಲ ಬಿಚ್ಚಿ ಹಾಸಿದರೆ ಕೆಲವು ನೂರು ಚದರ ಮೀಟರ್ ಆಗುತ್ತದೆ! ಪೊಟ್ಟಣದ ಮೇಲೆ ‘ತಿನ್ನಬೇಡಿ’ ಎಂದು ಬರೆದಿರುವುದು ಮುಖ್ಯವಾಗಿ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂದು. ಮಗು ಎರಡು ಬಿಳಿ ಕಾಳು ನುಂಗಿದ್ದರೆ ನೀರು ಕುಡಿಸಿ, ಗಮನಿಸುತ್ತಿರಿ. ಕೆಮ್ಮು, ಉಸಿರಾಟದ ತೊಂದರೆ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.

ನೀಲಿ ಕಾಳು ಬೇರೆ. ಆ ಬಣ್ಣ ಕೋಬಾಲ್ಟ್ ಕ್ಲೋರೈಡ್‌ನದು. ಒಣಗಿದ್ದರೆ ನೀಲಿ, ನೀರು ಹಿಡಿದರೆ ಗುಲಾಬಿ. ಇದು ಆರೋಗ್ಯಕ್ಕೆ ಒಳ್ಳೆಯದಲ್ಲ, ಯುರೋಪಿನಲ್ಲಿ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಮಗು ಇದನ್ನು ನುಂಗಿದರೆ ವೈದ್ಯರಿಗೆ ತೋರಿಸಲೇಬೇಕು. ಮಗು ಇರುವ ಮನೆಗೆ ಬಿಳಿಯದೇ ತನ್ನಿ. ಬಣ್ಣ ಬೇಕೇ ಬೇಕು ಅಂದರೆ ಕೋಬಾಲ್ಟ್ ಇಲ್ಲದ ಕಿತ್ತಳೆ ಕಾಳು ಸಿಗುತ್ತದೆ. ಆದರೂ ಮಗುವಿನ ಕೈಗೆ ಸಿಗದ ಕಡೆ ಇಡಿ. ನಿಮ್ಮಲ್ಲಿರುವ ನೀಲಿಯನ್ನು ಅಡುಗೆ ಪಾತ್ರೆಯಲ್ಲಿ ಹುರಿಯುವ ಸಾಹಸ ಬೇಡ.

ಬಿಳಿ ಜೆಲ್ ಬಿಸಾಡುವ ವಸ್ತುವೇ ಅಲ್ಲ. ನೀರನ್ನು ಓಡಿಸಿದರೆ ಮತ್ತೆ ಹೊಸದರಂತೆ. ಓವನ್ ಇದ್ದರೆ 120 ಡಿಗ್ರಿಯಲ್ಲಿ ಎರಡು ಗಂಟೆ. ಇಲ್ಲದಿದ್ದರೆ ಹಳೆಯ ದಪ್ಪ ಕಡಾಯಿಯಲ್ಲಿ, ಸಣ್ಣ ಉರಿಯಲ್ಲಿ, ಕೈ ಬಿಡದೆ ಆಡಿಸುತ್ತಾ ಬಿಸಿ ಮಾಡಿ. ಪೊಟ್ಟಣದಿಂದ ಹೊರಗೆ ತೆಗೆದೇ ಮಾಡಬೇಕು, ಪ್ಲಾಸ್ಟಿಕ್ ಕರಗುತ್ತದೆ. ಕಡಾಯಿಯನ್ನು ಆಮೇಲೆ ಅಡುಗೆಗೆ ಬಳಸಬೇಡಿ. ನಮ್ಮ ಮೇ ಬಿಸಿಲಲ್ಲಿ ಇದೂ ಬೇಕಿಲ್ಲ. ಮಾಳಿಗೆಯ ಮೇಲೆ ಕಪ್ಪು ತಗಡಿನಲ್ಲಿ ಒಂದೇ ಪದರ ಹರವಿ, ಹನ್ನೆರಡರಿಂದ ನಾಲ್ಕರವರೆಗೆ ಬಿಟ್ಟರೆ ಹಿಡಿದ ನೀರಿನ ಬಹುಪಾಲು ಹೋಗುತ್ತದೆ. ಮಳೆಗಾಲದ ಬಿಸಿಲಿಗೆ ಆ ತಾಕತ್ತಿಲ್ಲ. ಬಣ್ಣ ಇಲ್ಲದೆ ಒಣಗಿದ್ದು ಹೇಗೆ ಗೊತ್ತಾಗುತ್ತದೆ? ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಇನ್ನೂ ಅರ್ಧ ಗಂಟೆ ಬಿಸಿ ಮಾಡಿದರೂ ತೂಕ ಇಳಿಯಲಿಲ್ಲ ಅಂದರೆ ಒಣಗಿದೆ. ಉಗುರುಬೆಚ್ಚಗೆ ಇರುವಾಗಲೇ ಗಾಜಿನ ಬಾಟಲಿಗೆ ಹಾಕಿ ಮುಚ್ಚಿ.

ಪ್ರಶ್ನೆ: ಪುಸ್ತಕದ ಕೋಣೆಯಲ್ಲಿ ಬಟ್ಟಲುಗಳಲ್ಲಿ ಒಂದು ಕೆಜಿ ಸಿಲಿಕಾ ಜೆಲ್ ಇಟ್ಟಿದ್ದೇನೆ. ಸಾಕೇ?
– ಶಿಕ್ಷಕರು, ಸುರಪುರ

ಉತ್ತರ: ಸಾಕೂ ಇಲ್ಲ, ಬೇಕೂ ಇಲ್ಲ. 10 ಅಡಿಗೆ 12 ಅಡಿ ಕೋಣೆಯ ಗಾಳಿಯಲ್ಲೇ ಮಳೆಗಾಲದಲ್ಲಿ 700 ಗ್ರಾಂ ನೀರಾವಿ ಇರುತ್ತದೆ. ಬಾಗಿಲು ಒಮ್ಮೆ ತೆರೆದರೆ ಮತ್ತೆ ಹೊಸದು ಬರುತ್ತದೆ. ಮಳೆ ಇಲ್ಲದ ಮಧ್ಯಾಹ್ನ ಕಿಟಕಿ ತೆರೆದು ಫ್ಯಾನ್ ಹಾಕಿ. ಕಪಾಟನ್ನು ಹೊರಗೋಡೆಯಿಂದ ಸರಿಸಿ. ಬೆಲೆಬಾಳುವ ನಾಲ್ಕು ಪುಸ್ತಕಗಳನ್ನು ಮಾತ್ರ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿಡಿ. ಒಂದು ಪುಟ್ಟ ತೇವಮಾಪಕ ಕೊಂಡು ಅದರಲ್ಲೇ ಇಡಿ. ಶೇ 40ರಿಂದ 55ರ ನಡುವೆ ಇದ್ದರೆ ಸರಿ. ಬೇಸಿಗೆಯಲ್ಲಿ ಜೆಲ್ ತೆಗೆದುಬಿಡಿ. ಇಲ್ಲಿನ ಗಾಳಿಯೇ ಹಳೆಯ ಕಾಗದ ಪುಡಿಯಾಗುವಷ್ಟು ಒಣಗಿರುತ್ತದೆ.

ಪ್ರಶ್ನೆ: 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ನೀರು ಮನೆಗೆ ನುಗ್ಗಿ ಹೊಲದ ಪತ್ರ, ಫೋಟೊ ಹಾಳಾದವು. ಮುಂದೆ ಹಾಗಾದರೆ ಸಿಲಿಕಾ ಜೆಲ್‌ನಲ್ಲಿ ಹೂತಿಟ್ಟರೆ ಉಳಿಯುತ್ತವೆಯೇ?
– ಓದುಗರು, ಅಫಜಲಪುರ ತಾಲ್ಲೂಕು

ಉತ್ತರ: ಇಲ್ಲ. ತೊಯ್ದ ಕಾಗದದಲ್ಲಿನ ನೀರಿಗೆ ಜೆಲ್ ಎಲ್ಲಿಂದ ಸಾಕು? ಒಂದೊಂದೇ ಹಾಳೆ ಬಿಡಿಸಿ, ನೆರಳಲ್ಲಿ ಒಣ ಬಟ್ಟೆಯ ಮೇಲೆ ಹರವಿ ಫ್ಯಾನ್ ಗಾಳಿ ಕೊಡಿ. ಅಂಟಿಕೊಂಡ ಹಾಳೆಗಳನ್ನು ಎಳೆಯಬೇಡಿ. ಫೋಟೊ ಚಿತ್ರದ ಬದಿ ಮೇಲೆ ಇರಲಿ, ಅದನ್ನು ಒರೆಸಬೇಡಿ. 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಅಷ್ಟು ಕೈ ಸಾಗದಿದ್ದರೆ ಕಟ್ಟನ್ನು ಪಾಲಿಥಿನ್ ಚೀಲದಲ್ಲಿ ಹಾಕಿ ಯಾರದಾದರೂ ಫ್ರಿಜ್ಜಿನ ಫ್ರೀಜರಿನಲ್ಲಿಡಿ. ಅಲ್ಲಿ ಬೂಷ್ಟು ಬೆಳೆಯುವುದಿಲ್ಲ, ಬಿಡುವಾದಾಗ ಸ್ವಲ್ಪ ಸ್ವಲ್ಪವೇ ತೆಗೆದು ಒಣಗಿಸಬಹುದು. ನದಿ ದಂಡೆಯ ಊರಿನವರು ಪತ್ರಗಳನ್ನು ಮೇ ತಿಂಗಳಲ್ಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಜೊತೆಗೆ 50 ಗ್ರಾಂ ಜೆಲ್ ಇಟ್ಟು, ಅಟ್ಟದ ಮೇಲೆ ಏರಿಸಿಬಿಡುವುದು ಒಳ್ಳೆಯದು.