ವಾಟ್ಸ್‌ಆ್ಯಪ್‌ ಫಾರ್ವರ್ಡ್‌ಗೆ ಮಿತಿ ಹಾಕಿದ್ದೇಕೆ?

ಕೆಟ್ಟ ಉದ್ದೇಶವಿಲ್ಲದವರ ಕೈಯಿಂದಲೇ ಸುಳ್ಳು ಹಬ್ಬುವ ವೇಗವನ್ನು ತಗ್ಗಿಸಲು. ಕಳಿಸಿದವರು, ಪಡೆದವರು ಮಾತ್ರ ಓದಬಲ್ಲ ಗೂಢಲಿಪಿಯಲ್ಲಿ ಸಂದೇಶ ಸಾಗುವುದರಿಂದ ಕಂಪನಿಗೆ ಅದರ ಸತ್ಯಾಸತ್ಯ ಕಾಣದು. ಅದರ ಹಿಡಿತದಲ್ಲಿರುವುದು ವೇಗವಷ್ಟೇ. ಪ್ರತಿ ಫಾರ್ವರ್ಡ್‌ನಲ್ಲೂ ಮೂಲ ಕಳಿಸಿದವರ ಹೆಸರು ಕಳಚಿ, ಕೊನೆಯವರ ಮೇಲಿನ ವಿಶ್ವಾಸ ಸುದ್ದಿಗೆ ಅಂಟಿಕೊಳ್ಳುತ್ತದೆ: ವಿಜಯಪುರ ಜಿಲ್ಲೆಯ ತಿಕೋಟಾದಲ್ಲಿ ಶೆಡ್ಡಿನಲ್ಲಿ ದ್ರಾಕ್ಷಿ ಒಣಹಾಕಿ ಕುಳಿತ ಬೆಳೆಗಾರನಿಗೆ ಯಾವುದೋ ವರ್ಷದ ಆಲಿಕಲ್ಲು ಮಳೆಯ ವಿಡಿಯೊ ‘ಈಗಷ್ಟೇ’ ಎಂಬ ಒಕ್ಕಣೆಯೊಂದಿಗೆ ಬಂದರೆ, ಅವನು ನಂಬುವುದು ವಿಡಿಯೊವನ್ನಲ್ಲ, ಕಳಿಸಿದ ಸೋದರಮಾವನನ್ನು. 2018ರಲ್ಲಿ ಮಕ್ಕಳ ಕಳ್ಳರ ವದಂತಿಗೆ ದೇಶದ ಹಲವೆಡೆ ಅಮಾಯಕರು ಗುಂಪುಹಲ್ಲೆಯಲ್ಲಿ ಸತ್ತ ಮೇಲೆ ಭಾರತದಲ್ಲಿ ಒಮ್ಮೆಗೆ 5 ಚಾಟ್‌ಗಳ ಮಿತಿ ಬಂತು. 2020ರಲ್ಲಿ, ಹಲವು ಕೈ ದಾಟಿದ ಸಂದೇಶಕ್ಕೆ ಅದು 1ಕ್ಕೆ ಇಳಿಯಿತು. ನಕಲು ಮಾಡಿ ಅಂಟಿಸುವವರನ್ನು ಮಾತ್ರ ಈ ಮಿತಿ ತಡೆಯದು.