ಐದು ಸಾವಿರ ರೂಪಾಯಿಯಲ್ಲಿ ಮಗಳ ಹುಟ್ಟುಹಬ್ಬ: ಮೊದಲು ವೇಳೆಯನ್ನು ಗೊತ್ತುಮಾಡಿ

ಪ್ರಶ್ನೆ: ನಾವು ಹುಬ್ಬಳ್ಳಿಯ ಉಣಕಲ್ ಭಾಗದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಜುಲೈ ಮೂರನೆಯ ವಾರದಲ್ಲಿ ಮಗಳಿಗೆ ಆರು ವರ್ಷ ತುಂಬುತ್ತದೆ. ಅವಳ ಮೊದಲ ಹುಟ್ಟುಹಬ್ಬವನ್ನು ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ 20,000 ರೂಪಾಯಿ ಸಾಲ ತಂದು ಹಾಲ್‌ನಲ್ಲಿ ಮಾಡಿದ್ದೆವು. ಅದನ್ನು ತೀರಿಸಲು ಬಹಳ ಕಷ್ಟವಾಯಿತು. ಮತ್ತೆ ಸಾಲ ಮಾಡಬಾರದೆಂದು ನಿರ್ಧರಿಸಿದ್ದೇವೆ. ಈ ಸಲ ನಮ್ಮ ಕೈಯಲ್ಲಿರುವುದು 5,000 ರೂಪಾಯಿ ಮಾತ್ರ. ಗೆಳತಿಯ ಹುಟ್ಟುಹಬ್ಬ ನೋಡಿ ಬಂದ ಮಗಳು ‘ನಂದೂ ಹಾಲ್‌ನ್ಯಾಗ ಮಾಡೂಣು ಮಮ್ಮಿ’ ಎಂದು ಹಟ ಹಿಡಿದಿದ್ದಾಳೆ. ‘ಬೀಗರು ಬಿಜ್ಜರನ್ನ ಬಿಟ್ಟು ಹ್ಯಾಂಗ ಮಾಡೂದು’ ಎಂದು ಅತ್ತೆಯವರು ಕೇಳುತ್ತಾರೆ. ಏನು ಮಾಡಲಿ?

ಉತ್ತರ: ಮತ್ತೆ ಸಾಲ ಮಾಡಬಾರದೆಂಬ ನಿಮ್ಮ ನಿರ್ಧಾರ ಸರಿಯಾದುದು, ಅದರಿಂದ ಹಿಂದೆ ಸರಿಯಬೇಡಿ. ನೂರಕ್ಕೆ ಎರಡರಂತೆ 20,000 ರೂಪಾಯಿಗೆ ತಿಂಗಳಿಗೆ 400 ರೂಪಾಯಿ ಬಡ್ಡಿ. ಅಸಲು ಹಾಗೆಯೇ ಉಳಿದರೆ ವರ್ಷಕ್ಕೆ 4,800 ರೂಪಾಯಿ. ಅಂದರೆ ಈ ವರ್ಷದ ಇಡೀ ಹುಟ್ಟುಹಬ್ಬಕ್ಕೆ ನೀವು ತೆಗೆದಿರಿಸಿದ್ದಕ್ಕೆ ಹೆಚ್ಚುಕಡಿಮೆ ಸಮನಾದ ಹಣ ಒಂದೇ ವರ್ಷದಲ್ಲಿ ಬರೀ ಬಡ್ಡಿಗೆ ಹೋಗುತ್ತದೆ.

ಹುಟ್ಟುಹಬ್ಬದ ಖರ್ಚು ಕೇಕಿನಿಂದಲೋ ಅಲಂಕಾರದಿಂದಲೋ ಏರುತ್ತದೆಂದು ಬಹಳ ಜನ ಭಾವಿಸುತ್ತಾರೆ. ಗೃಹವಿಜ್ಞಾನದ ಅಧ್ಯಾಪಕಿಯಾಗಿ ಹಲವು ಮನೆಗಳ ಲೆಕ್ಕ ನೋಡಿದ ಮೇಲೆ ನಾನು ಕಂಡುಕೊಂಡದ್ದು ಬೇರೆ: ಖರ್ಚನ್ನು ತೀರ್ಮಾನಿಸುವುದು ನೀವು ಕರೆಯುವ ವೇಳೆ. ಸಂಜೆ ಏಳೂವರೆಗೆ ಬನ್ನಿ ಎಂದರೆ ಊಟಕ್ಕೆ ಬನ್ನಿ ಎಂದೇ ಅರ್ಥ, ಮತ್ತು ಊಟವೆಂದ ಮೇಲೆ ಮಗುವಿನ ಜೊತೆಗೆ ತಂದೆ, ತಾಯಿ, ಅಜ್ಜಿ ಎಲ್ಲರೂ ಬರುವುದು ನಮ್ಮ ಕಡೆ ಸಹಜ. ನಮ್ಮ ಮಗನ ಐದನೆಯ ಹುಟ್ಟುಹಬ್ಬಕ್ಕೆ ನಾನು 25 ಜನರನ್ನು ಎಣಿಸಿದ್ದೆ. ಬಂದವರು ಐವತ್ತಕ್ಕೂ ಹೆಚ್ಚು. ಎಂಟೂವರೆಗೆ ಅನ್ನ ಮುಗಿದು, ಯಜಮಾನರು ಸ್ಕೂಟರ್ ಹತ್ತಿ ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ಬರಬೇಕಾಯಿತು. ತಪ್ಪು ಬಂದವರದಲ್ಲ, ನಾನು ಹೇಳಿದ ವೇಳೆಯದು. ಆದ್ದರಿಂದ ನೀವು ಮಕ್ಕಳನ್ನು ಭಾನುವಾರ ಮಧ್ಯಾಹ್ನ ನಾಲ್ಕರಿಂದ ಆರರವರೆಗೆ ಎಂದು ಆರಂಭ ಮತ್ತು ಮುಕ್ತಾಯ ಎರಡನ್ನೂ ಸ್ಪಷ್ಟವಾಗಿ ತಿಳಿಸಿ ಕರೆಯಿರಿ. ಅದು ಫಳಾರದ ಹೊತ್ತು. ಯಾರೂ ಊಟವನ್ನು ನಿರೀಕ್ಷಿಸುವುದಿಲ್ಲ, ಮತ್ತು ಆರು ವರ್ಷದ ಮಕ್ಕಳು ಎರಡು ತಾಸಿಗಿಂತ ಹೆಚ್ಚು ಹೊತ್ತು ಗುಂಪಿನಲ್ಲಿದ್ದರೆ ದಣಿದು ಅಳತೊಡಗುತ್ತಾರೆ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಅವರು ಕೇಳುತ್ತಿರುವುದು ಹಾಲ್ ಅಲ್ಲ, ಮನೆತನದ ಮರ್ಯಾದೆ. ಹುಟ್ಟಿದ ದಿನದ ಬೆಳಿಗ್ಗೆಯನ್ನು ಪೂರ್ತಿಯಾಗಿ ಹಿರಿಯರಿಗೆ ಬಿಟ್ಟುಕೊಡಿ: ಮೊಮ್ಮಗಳಿಗೆ ಎಣ್ಣೆ ಹಚ್ಚಿ ಎರೆಯುವುದು, ಹಣೆಗೆ ಕುಂಕುಮವಿಟ್ಟು ಆರತಿ ಎತ್ತುವುದು, ಯಾವ ಎಂಟು ಜನ ಹತ್ತಿರದವರನ್ನು ಕರೆಯಬೇಕೆಂದು ಹೇಳುವುದು, ಇವೆಲ್ಲವೂ ಅವರ ಕೈಯಲ್ಲಿರಲಿ. ಆ ಎಂಟು ಜನರಿಗೆ ಮನೆಯಲ್ಲೇ ಹೋಳಿಗೆ, ಕಟ್ಟಿನ ಸಾರು, ಅನ್ನ, ಒಂದು ಪಲ್ಯ ಮಾಡಿದರೆ 800 ರೂಪಾಯಿಯೊಳಗೆ ತೃಪ್ತಿಯ ಊಟವಾಗುತ್ತದೆ. ಹೋಳಿಗೆಯ ಬೇಳೆ ಬೇಯಿಸಿದ ನೀರೇ ಸಾರಿಗೆ ಆಗುವುದರಿಂದ ಈ ಅಡಿಗೆ ನೋಡಲು ದೊಡ್ಡದು, ಖರ್ಚಿನಲ್ಲಿ ಹಗುರ. ಹಿರಿಯರ ಕಾರ್ಯವನ್ನೂ ಮಕ್ಕಳ ಕಾರ್ಯವನ್ನೂ ಒಂದೇ ಹೊತ್ತಿಗೆ ಕೂಡಿಸಿದಾಗ ಮಕ್ಕಳು ಮೂಲೆ ಸೇರುತ್ತಾರೆ, ಹಿರಿಯರಿಗೂ ಗದ್ದಲದಲ್ಲಿ ಸಮಾಧಾನವಿರುವುದಿಲ್ಲ.

ಇನ್ನು ಮಗಳ ಹಟ. ಅವಳನ್ನು ಹತ್ತಿರ ಕೂರಿಸಿಕೊಂಡು, ಗೆಳತಿಯ ಹುಟ್ಟುಹಬ್ಬದಲ್ಲಿ ಏನು ಚಂದವಿತ್ತೆಂದು ಕೇಳಿರಿ. ಈ ವಯಸ್ಸಿನ ಮಕ್ಕಳು ಹೇಳುವುದು ಬಹುತೇಕ ಬಲೂನು, ಹಾಡು, ಇಡೀ ಗುಂಪು ಗೆಳತಿಯ ಹೆಸರು ಕೂಗಿದ್ದು, ಇಂಥವನ್ನೇ. ಇವೆಲ್ಲ ನಿಮ್ಮ ಮನೆಯಲ್ಲೂ ಆಗುವಂಥವು. ‘ನಮ್ಮ ಹತ್ತಿರ ದುಡ್ಡಿಲ್ಲ’ ಎಂದು ಹೇಳಿ ಅವಳನ್ನು ಕುಗ್ಗಿಸುವ ಬದಲು ಆಯ್ಕೆಗಳನ್ನು ಅವಳ ಮುಂದಿಡಿ: ಕೇಕಿನ ಬಣ್ಣ ಯಾವುದು, ಹನ್ನೆರಡು ಗೆಳೆಯರು ಯಾರು ಯಾರು, ಗೋಡೆಗೆ ಏನು ಅಂಟಿಸಬೇಕು. ತಾನೇ ಬಣ್ಣ ಬಳಿದ ಕರೆಯೋಲೆಯನ್ನು ಮನೆಮನೆಗೆ ಕೊಟ್ಟು ಬಂದ ಮಗುವಿಗೆ ಹಾಲ್ ಮರೆತುಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಉಣಕಲ್ ಕೆರೆಯ ಉದ್ಯಾನವನ್ನಾಗಲಿ ಇಂದಿರಾ ಗಾಜಿನ ಮನೆಯ ಅಂಗಳವನ್ನಾಗಲಿ ನಂಬಿಕೊಳ್ಳುವಂತಿಲ್ಲ. ಪಡಸಾಲೆಯ ಸಾಮಾನು ಒಳಗಿಟ್ಟು ಜಮಖಾನೆ ಹಾಸಿದರೆ ಹನ್ನೆರಡು ಮಕ್ಕಳಿಗೆ ಸಾಕಾಗುತ್ತದೆ. ಆಟಕ್ಕೆ ಕೆರೆ-ದಡ, ಸಂಗೀತ ಕುರ್ಚಿ ಸಾಕು. ಅವುಗಳ ಜೊತೆಗೆ ಒಂದು ಬುಟ್ಟಿ ಜೇಡಿಮಣ್ಣನ್ನು ತರಿಸಿಟ್ಟುಕೊಳ್ಳಿ. ಮಣ್ಣೆತ್ತಿನ ಅಮಾವಾಸ್ಯೆ ಆಸುಪಾಸಿನಲ್ಲೇ ಬರುವುದರಿಂದ ಕುಂಬಾರರಲ್ಲಿ ಹದವಾದ ಮಣ್ಣು ಸಿಗುತ್ತದೆ. ಹಳೆಯ ಪತ್ರಿಕೆ ಹಾಸಿ, ಮಣ್ಣಿನ ಎತ್ತು ಮಾಡಲು ಒಬ್ಬೊಬ್ಬರಿಗೂ ಒಂದೊಂದು ಮುದ್ದೆ ಕೊಟ್ಟರೆ ಅರ್ಧ ತಾಸು ಮನೆ ನಿಶ್ಶಬ್ದವಾಗುತ್ತದೆ. ಎತ್ತಿನ ಕೋಡಿಗೆ ಕಡ್ಡಿ ಚುಚ್ಚಿ, ಕಣ್ಣಿಗೆ ಜೋಳದ ಕಾಳು ಒತ್ತಿ, ಮಾಡಿದ್ದನ್ನು ಕಾಗದದ ತಟ್ಟೆಯಲ್ಲಿಟ್ಟುಕೊಂಡು ಅವರೇ ಮನೆಗೆ ಒಯ್ಯುತ್ತಾರೆ. ಮರುಕಾಣಿಕೆಯ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಉಳಿದರ್ಧಕ್ಕೆ ತಲಾ 60 ರೂಪಾಯಿಯ ಒಂದು ಕನ್ನಡ ಕಥೆಪುಸ್ತಕವೋ ಬಣ್ಣದ ಪೆನ್ಸಿಲ್ ಡಬ್ಬಿಯೋ ಆಗಬಹುದು. ಎರಡೇ ದಿನಕ್ಕೆ ಮುರಿಯುವ ಪ್ಲಾಸ್ಟಿಕ್ ಆಟಿಕೆ ಖಂಡಿತ ಬೇಡ.

ತಿನಿಸಿಗೆ ಗಿರ್ಮಿಟ್, ಶಿರಾ ಮತ್ತು ನಿಂಬೆ ಪಾನಕ ಇಟ್ಟುಕೊಳ್ಳಿ. ಅರ್ಧ ಕಿಲೋ ರವೆಯ ಶಿರಾ ಹದಿನೆಂಟು ಇಪ್ಪತ್ತು ಸಣ್ಣ ಬಟ್ಟಲಿಗೆ ಬರುತ್ತದೆ. ಗಿರ್ಮಿಟ್‌ಗೆ ಉಳ್ಳಾಗಡ್ಡಿ, ಟೊಮೆಟೊ, ಹುಣಸೆರಸ, ಬೆಲ್ಲ, ಅರಿಷಿಣ ಹಾಕಿದ ಒಗ್ಗರಣೆಯನ್ನು ಬೆಳಿಗ್ಗೆಯೇ ಮಾಡಿ ಆರಿಸಿಡಬಹುದು. ಹಸಿಮೆಣಸಿನಕಾಯಿಯನ್ನು ಮಕ್ಕಳ ಪಾಲಿನಿಂದ ಬಿಡಿ. ಚುರುಮುರಿ ಮತ್ತು ಪುಟಾಣಿ ಹಿಟ್ಟನ್ನು ಮಾತ್ರ ತಟ್ಟೆಗೆ ಹಾಕುವ ಹೊತ್ತಿಗೇ ಕಲಸಬೇಕು, ಏಕೆಂದರೆ ಹತ್ತು ನಿಮಿಷ ಕಳೆದರೂ ಅದು ಮೆತ್ತಗಾಗಿ ಮಕ್ಕಳು ಮುಟ್ಟುವುದಿಲ್ಲ. ತಾಯಂದಿರ ಜೊತೆ ಪುಟ್ಟ ತಮ್ಮ ತಂಗಿಯರು ಬಂದರೆ ಅವರ ತಟ್ಟೆಗೆ ಇಡಿ ಶೇಂಗಾ ಹಾಕಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಕೇಕ್ ಒಂದು ಕಿಲೋ ಸಾಕು, ಸಣ್ಣ ತುಂಡುಗಳಾದರೆ ಹದಿನೈದು ಜನಕ್ಕೆ ಬರುತ್ತದೆ.

ಅಲಂಕಾರದ ಬಣ್ಣದ ಕಾಗದ, ಬಲೂನುಗಳನ್ನು ದುರ್ಗದಬೈಲಿನ ಅಂಗಡಿಗಳಲ್ಲಿ ತಂದು ನೀವೇ ಕಟ್ಟಿರಿ. ಆದರೆ ಸಿಲಿಂಡರ್‌ನಿಂದ ಅನಿಲ ತುಂಬಿದ, ಮೇಲಕ್ಕೆ ಹಾರುವ ಬಲೂನುಗಳನ್ನು ತರಬೇಡಿ. ಅವುಗಳಲ್ಲಿ ಹಲವೊಮ್ಮೆ ಹೀಲಿಯಂ ಬದಲು ಹೈಡ್ರೋಜನ್ ತುಂಬಿರುತ್ತದೆ, ಅದು ಮೇಣದಬತ್ತಿಯ ಉರಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಮುಖಕ್ಕೆ ನೊರೆ ಎರಚುವ ಸ್ಪ್ರೇ ಕೂಡ ಹಾಗೆಯೇ. ಅದನ್ನು ತಳ್ಳುವ ಅನಿಲ ಬೆಂಕಿ ಹಿಡಿಯುವಂಥದ್ದು. ಬಾಯಿಂದ ಊದಿದ ಬಲೂನು ಸಾಕು, ಒಡೆದ ಚೂರುಗಳನ್ನು ಆಗಲೇ ಆರಿಸಿಬಿಡಿ.

ಒಟ್ಟು ಲೆಕ್ಕ ಹೀಗೆ ಹಾಕಿಕೊಳ್ಳಿ: ಬೆಳಗಿನ ಊಟಕ್ಕೆ 800, ಸಂಜೆಯ ತಿನಿಸಿಗೆ 900, ಕೇಕಿಗೆ 700, ಮಕ್ಕಳಿಗೆ ಕೊಡುವ ಕಾಣಿಕೆಗೆ 720, ಅಲಂಕಾರಕ್ಕೆ 400, ಮಣ್ಣು ಮತ್ತು ಆಟಕ್ಕೆ 250, ಮಗಳ ಹೊಸ ಅಂಗಿಗೆ 900, ತರಗತಿಯಲ್ಲಿ ಹಂಚುವ ಚಾಕಲೇಟಿಗೆ 80. ಕೊನೆಯದನ್ನು ಕೊಳ್ಳುವ ಮೊದಲು ಅವಳ ಶಿಕ್ಷಕಿಯನ್ನು ಕೇಳಿ, ಹಲವು ಶಾಲೆಗಳು ಒಪ್ಪುವುದಿಲ್ಲ. ಇಷ್ಟಕ್ಕೆ 4,750 ರೂಪಾಯಿ ಆಯಿತು. ಉಳಿದ 250 ರೂಪಾಯಿಯನ್ನು ಅಂದು ಸಂಜೆ ಆರರವರೆಗೂ ಮುಟ್ಟಬೇಡಿ. ಮಳೆ ಜೋರಾಗಿ ಹಿಡಿದರೆ ದೂರದ ಮಕ್ಕಳನ್ನು ಆಟೋದಲ್ಲಿ ಮನೆ ಮುಟ್ಟಿಸಲು ಅದು ಬೇಕಾಗುತ್ತದೆ.